ಪುಸ್ತಕ ತುಂಬಿದೆ

ನನ್ನನ್ನು ಮಾಡಿದವರಲ್ಲಿ ಒಬ್ಬರಿಗೂ ಓದುವುದಕ್ಕೆ ಪುರುಸೊತ್ತಿರಲಿಲ್ಲ. ಸಮುದ್ರದಾಚೆಯ ಒಂದು ಊರಿನ ಕಾರ್ಖಾನೆ ಅದು. ಬಿಳಿ ಟೋಪಿ, ಬಿಳಿ ಕೈಗವಸು ಹಾಕಿಕೊಂಡ ಹೆಣ್ಣುಮಕ್ಕಳು ಉದ್ದನೆಯ ಮೇಜಿನ ಮುಂದೆ ಸಾಲಾಗಿ ನಿಂತಿದ್ದರು. ಒಬ್ಬಳು ನನ್ನ ಬೆನ್ನು ಕೂರಿಸಿದಳು, ಒಬ್ಬಳು ಬ್ಯಾಟರಿ ಇಟ್ಟಳು, ಇನ್ನೊಬ್ಬಳು ಮುಖ ಅಂಟಿಸಿದಳು. ನನ್ನ ಮುಖ ಫೋನಿನ ಮುಖದ ಹಾಗೆ ಹೊಳೆಯುವುದಿಲ್ಲ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಪ್ಪು ಪುಡಿ, ಬಿಳಿ ಪುಡಿ ಇದೆ. ಕಪ್ಪು ಮೇಲೆ ಬಂದ ಕಡೆ ಅಕ್ಷರ, ಬಿಳಿ ಮೇಲೆ ಬಂದ ಕಡೆ ಕಾಗದ. ಒಮ್ಮೆ ಮೂಡಿದ ಅಕ್ಷರ ಕರೆಂಟು ಇಲ್ಲದಿದ್ದರೂ ಹಾಗೇ ನಿಲ್ಲುತ್ತದೆ. ಈ ಗುಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪುಸ್ತಕ ಓದಿಸುವ ಯಂತ್ರ ನಾನು. ಅಂಗಡಿಯವರು ಇ-ರೀಡರ್ ಅನ್ನುತ್ತಾರೆ. ನನ್ನನ್ನು ಇಟ್ಟಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಸಾವಿರಾರು ಪುಸ್ತಕ ಹಿಡಿಸುತ್ತದೆ ಎಂದು ದೊಡ್ಡದಾಗಿ ಅಚ್ಚು ಹಾಕಿದ್ದರು. ಎಷ್ಟು ಪುಸ್ತಕ ಬೇಕು ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಅದನ್ನು ನಾನು ಇಬ್ಬರ ಬೆರಳುಗಳಿಂದ ಕಲಿಯಬೇಕಾಯಿತು.

ಮೊದಲನೆಯ ಬೆರಳು ಚಿದಂಬರನದು. ಅವನು ಸರಕು ಹಡಗಿನಲ್ಲಿ ಎಲೆಕ್ಟ್ರಿಷಿಯನ್. ಊರು ಅರಸೀಕೆರೆ. ಒಮ್ಮೆ ಹಡಗು ಹತ್ತಿದರೆ ತಿಂಗಳುಗಟ್ಟಲೆ ನೆಲ ಕಾಣದ ಕೆಲಸ. ಮದುವೆ ಆಗಿರಲಿಲ್ಲ. ಹೆಣ್ಣಿನ ಕಡೆಯವರು ಯೋಚನೆ ಮಾಡಿ ಹೂಂ ಅನ್ನುವಷ್ಟರಲ್ಲಿ ಹಡಗು ಹೊರಟಿರುತ್ತಿತ್ತು. ಮುಂಬಯಿಯ ಅಂಗಡಿಯಲ್ಲಿ ನನ್ನನ್ನು ಕೊಂಡವನು ಹಡಗು ಹತ್ತುವ ತನಕ ನನ್ನೊಳಗೆ ಪುಸ್ತಕ ತುಂಬುತ್ತಲೇ ಇದ್ದ. ಇತಿಹಾಸ, ಪತ್ತೇದಾರಿ, ವಿಜ್ಞಾನ, ಯುದ್ಧದ ಕಥೆ, ಷೇರು ವ್ಯವಹಾರ, ಯೋಗ, ಏನು ಸಿಕ್ಕಿದರೆ ಅದು. ಎಲ್ಲಾ ಇಂಗ್ಲಿಷಿನವು. ನಡುನೀರಿನಲ್ಲಿ ಓದುವುದಕ್ಕೆ ಏನೂ ಇಲ್ಲದೆ ಹೋದರೆ ಏನು ಗತಿ ಅನ್ನುವ ಭಯ ಅವನಿಗೆ. ಪ್ರಯಾಣಕ್ಕೆ ಹೊರಟವರು ಒಂದಕ್ಕೆ ನಾಲ್ಕು ಚಪಾತಿ ಕಟ್ಟಿಕೊಳ್ಳುವ ಹಾಗೆ ಕಟ್ಟಿಕೊಂಡ. ಕೊನೆಗೆ ಏನನ್ನಿಸಿತೋ, ಒಂದಿಷ್ಟು ಕನ್ನಡ ಪುಸ್ತಕಗಳನ್ನೂ ಮೇಲೆ ಉದುರಿಸಿದ.

ಹಡಗಿನಲ್ಲಿ ಅವನ ಕೋಣೆ ಸಣ್ಣದು. ಒಂದು ಮಂಚ, ತೆರೆಯಲಾಗದ ಒಂದು ಗುಂಡು ಕಿಟಕಿ. ಪಾಳಿ ಮುಗಿಸಿ ಕೈ ತೊಳೆದು ಬಂದು ನನ್ನನ್ನು ಎತ್ತಿಕೊಳ್ಳುತ್ತಿದ್ದ. ಓದುತ್ತಿದ್ದ ಅಂತ ಮಾತ್ರ ಹೇಳಲಾರೆ. ಪಟ್ಟಿ ತೆರೆಯುತ್ತಿದ್ದ. ಒಂದು ಪುಸ್ತಕದ ಮೊದಲ ಪುಟ ನೋಡಿ, ಇದಕ್ಕಿಂತ ಚೆನ್ನಾಗಿರುವುದು ಮುಂದೆ ಇದ್ದೀತು ಎಂದು ಹಿಂದಕ್ಕೆ ಬರುತ್ತಿದ್ದ. ಮತ್ತೊಂದು. ಇನ್ನೊಂದು. ಹಾಗೆ ಪಟ್ಟಿಯ ಮೇಲೆ ಬೆರಳು ಜಾರಿಸುತ್ತಾ ಜಾರಿಸುತ್ತಾ ನಿದ್ದೆ ಬಂದುಬಿಡುತ್ತಿತ್ತು. ಮದುವೆ ಮನೆಯ ಊಟಕ್ಕೆ ಹೋಗಿ, ಎಲೆಯಿಂದ ಎಲೆಗೆ ಇಣುಕಿ ನೋಡಿ, ಹಸಿದುಕೊಂಡೇ ಮನೆಗೆ ಬಂದವನ ಹಾಗೆ.

ಕನ್ನಡದ ಹೆಸರು ಬಂದಾಗ ಆ ಬೆರಳು ಒಂದು ಗಳಿಗೆ ನಿಲ್ಲುತ್ತಿತ್ತು. ಆಮೇಲೆ ಬೇಗಬೇಗ ಮುಂದಕ್ಕೆ ಹೋಗುತ್ತಿತ್ತು. ಆ ಹಡಗಿನಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಅಡುಗೆಯವನೊಂದಿಗೆ ಹಿಂದಿ, ಮೇಲಿನವರೊಂದಿಗೆ ಇಂಗ್ಲಿಷು. ಬಾಗಿಲಿಗೆ ತಲೆ ತಗುಲಿ ನೋವಾದಾಗ ಬಾಯಿಂದ ಬರುತ್ತಿದ್ದ 'ಅಯ್ಯಮ್ಮ' ಒಂದು ಬಿಟ್ಟರೆ ನಾನು ಅವನ ಬಾಯಲ್ಲಿ ಕನ್ನಡ ಕೇಳಿದ್ದೇ ಕಡಿಮೆ.

ಕೆಲವು ವರ್ಷ ಹೀಗೆ ನೀರಿನ ಮೇಲೆ ಕಳೆದ ಮೇಲೆ ಅವನು ಹೊಸ ಯಂತ್ರವೊಂದನ್ನು ಕೊಂಡ. ರಜೆಗೆ ಬಂದಾಗ ನನ್ನನ್ನು ಅರಸೀಕೆರೆಗೆ ತಂದು ಅವನ ಅಕ್ಕ ಪಂಕಜಾಕ್ಷಿಯ ಕೈಗೆ ಕೊಟ್ಟ.

"ಇದೇನೋ ಚಿದು, ಸ್ಲೇಟು ತಂದಿದೀಯ?"

"ಸ್ಲೇಟಲ್ಲ ಅಕ್ಕ, ಪುಸ್ತಕ. ಮೂರು ಸಾವಿರ ಪುಸ್ತಕ ಇದೆ ಇದರೊಳಗೆ."

"ಮೂರು ಸಾವಿರ ಓದೋಕೆ ನಾನೇನು ಆಮೆನೇನೋ, ಅಷ್ಟು ವರ್ಷ ಬದುಕೋಕೆ?"

"ನೀನು ಕನ್ನಡದ್ದು ಓದು. ಮಿಕ್ಕಿದ್ದು ಅದರ ಪಾಡಿಗೆ ಇರುತ್ತೆ, ಅನ್ನ ಕೇಳುತ್ತಾ? ನೋಡಿಲ್ಲಿ, ಅಕ್ಷರ ಎಷ್ಟು ದೊಡ್ಡದು ಬೇಕಾದರೂ ಮಾಡ್ಕೋಬಹುದು."

ಅವನು ಅಕ್ಷರ ದೊಡ್ಡದು ಮಾಡಿ, ಕನ್ನಡ ಪುಸ್ತಕಗಳು ಪಟ್ಟಿಯ ಮುಂದಕ್ಕೆ ಬರುವ ಹಾಗೆ ಮಾಡಿ, ಮತ್ತೆ ಹಡಗಿಗೆ ಹೊರಟುಹೋದ. ಅವಳು ಕೊನೆಯವರೆಗೂ ನನ್ನನ್ನು ಸ್ಲೇಟು ಅಂತಲೇ ಕರೆದಳು. ನನಗೆ ಆ ಹೆಸರೇ ಇಷ್ಟವಾಯಿತು.

ಪಂಕಜಾಕ್ಷಿ ತಮ್ಮನಿಗಿಂತ ತುಂಬಾ ದೊಡ್ಡವಳು. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿ, ಓದಿಸಿ, ಹಡಗು ಹತ್ತಿಸಿದವಳು ಅವಳೇ. ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವ ಕೆಲಸ ಮಾಡುತ್ತಿದ್ದಳು. ಗಾಜಿನ ಸಣ್ಣ ಕೋಣೆಯಲ್ಲಿ ಮೈಕಿನ ಮುಂದೆ ಕೂತು, 'ಪ್ರಯಾಣಿಕರ ಗಮನಕ್ಕೆ' ಎಂದು ಶುರು ಮಾಡಿದರೆ, ನಿಲ್ದಾಣದಲ್ಲಿ ಕಡಲೆಕಾಯಿ ತಿನ್ನುತ್ತಿದ್ದವರೂ ಬಾಯಿ ನಿಲ್ಲಿಸುತ್ತಿದ್ದರಂತೆ. ಆಮೇಲೆ ಧ್ವನಿಮುದ್ರಣ ಮಾಡಿದ ಯಾವುದೋ ಧ್ವನಿ ಬಂತು. ಇವಳಿಗೂ ನಿವೃತ್ತಿಯ ವಯಸ್ಸಾಗಿತ್ತು. ದಿನವಿಡೀ ಊರಿಗೆ ಊರೇ ಕೇಳುವ ಹಾಗೆ ಮಾತಾಡಿದ ಹೆಂಗಸನ್ನು ಈಗ ಮಾತಾಡಿಸುವವನು ಹಾಲು ಹಾಕುವವನೊಬ್ಬನೇ. ಅವನೂ 'ಒಂದಾ ಅರ್ಧನಾ' ಅನ್ನುವುದಕ್ಕಿಂತ ಹೆಚ್ಚು ಕೇಳುತ್ತಿರಲಿಲ್ಲ.

ಹಾಗಾಗಿ ಅವಳು ನನ್ನನ್ನು ಜೋರಾಗಿ ಓದಿದಳು. ಬೆಳಿಗ್ಗೆ ಅಡುಗೆ ಮುಗಿಸಿ, ಜಗಲಿಯ ಬಿಸಿಲಿನಲ್ಲಿ ಕಾಲು ಚಾಚಿ ಕೂತು, ಗಂಟಲು ಸರಿಮಾಡಿಕೊಂಡು ಶುರು. ಹಡಗಿನಲ್ಲಿ ಅಷ್ಟು ವರ್ಷ ಇದ್ದರೂ ನನ್ನೊಳಗಿನ ಒಂದು ಮಾತನ್ನೂ ನಾನು ಕಿವಿಯಿಂದ ಕೇಳಿರಲಿಲ್ಲ. ಕಥೆಯ ಹುಡುಗಿ ಅತ್ತರೆ ಇವಳ ಧ್ವನಿ ಸಣ್ಣದಾಗುತ್ತಿತ್ತು. ಅತ್ತೆಯ ಪಾತ್ರ ಬಂದರೆ ಬೀದಿಗೆ ಕೇಳುತ್ತಿತ್ತು. ಅಧ್ಯಾಯ ಮುಗಿದಾಗ ತನಗೆ ತಾನೇ ನಕ್ಕು, "ಮುಂದಿನ ಅಧ್ಯಾಯ ಎರಡನೇ ಅಂಕಣದಿಂದ ಹೊರಡಲು ಸಿದ್ಧವಾಗಿದೆ" ಅನ್ನುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ಒಬ್ಬಳೇ ಇದ್ದಾಳೆ ಅಂತ ಯಾರೂ ಹೇಳುವ ಹಾಗಿರಲಿಲ್ಲ. ಓದು ನಿಂತ ಮೇಲೆ ಮಾತ್ರ ಆ ಮನೆ ಎಷ್ಟು ಸುಮ್ಮನಿದೆ ಅನ್ನುವುದು ಗೊತ್ತಾಗುತ್ತಿತ್ತು.

ಅವಳ ಮನೆಯ ಒಂದು ಮಾತು ಮೊದಮೊದಲು ನನಗೆ ಅರ್ಥವಾಗಲಿಲ್ಲ. ಒಂದು ದಿನ ಬೀದಿ ಕೊನೆಯ ಅಂಗಡಿಗೆ ಫೋನು ಮಾಡಿ, "ಷಡಕ್ಷರಿಯವರೇ, ಅಕ್ಕಿ ತುಂಬಿದೆ, ಹತ್ತು ಕೆಜಿ ಕಳಿಸಿ" ಅಂದಳು. ತುಂಬಿದ್ದರೆ ಮತ್ತೆ ಯಾಕೆ ತರಿಸುತ್ತಾಳೆ ಎಂದು ನನಗೆ ಆಶ್ಚರ್ಯ. ಷಡಕ್ಷರಿಯವರಿಗೆ ಆಶ್ಚರ್ಯವಾಗಲಿಲ್ಲ. "ಆಗಲಿ ಅಕ್ಕೋರೇ" ಎಂದು ಸಂಜೆಯೊಳಗೆ ಕಳಿಸಿದರು. ಇನ್ನೊಂದು ದಿನ ಎಣ್ಣೆ ತುಂಬಿತು, ಮತ್ತೊಂದು ದಿನ ಕುಂಕುಮ ತುಂಬಿತು. ಆಗ ತಿಳಿಯಿತು. ಅವಳ ತಾಯಿ ಕಲಿಸಿದ ಮಾತು ಅದು. ಮನೆಯಲ್ಲಿ ಅಕ್ಕಿ 'ಮುಗಿಯಿತು' ಅನ್ನಬಾರದು, 'ಖಾಲಿ' ಅನ್ನಬಾರದು. ಡಬ್ಬ ಬರಿದಾದಾಗಲೇ 'ತುಂಬಿದೆ' ಅನ್ನಬೇಕು. ಇನ್ನೊಂದು ಪದ್ಧತಿಯೂ ಇತ್ತು. ಡಬ್ಬವನ್ನು ಪೂರ್ತಿ ಕೆರೆದು ತೆಗೆಯುವ ಹಾಗಿಲ್ಲ. ಹೊಸ ಅಕ್ಕಿ ಬರುವ ತನಕ ತಳದಲ್ಲಿ ಒಂದು ಹಿಡಿ ಇರಲೇಬೇಕು.

ಒಂದು ವರ್ಷದೊಳಗೆ ಅವಳು ಕನ್ನಡದ ಪುಸ್ತಕಗಳನ್ನೆಲ್ಲಾ ಓದಿದಳು. ಕೆಲವನ್ನು ಎರಡೆರಡು ಸಲ ಓದಿದಳು. ಮತ್ತೆ ಓದಲು ಕೂತರೆ ಮುಂದಿನ ಸಾಲು ಕಣ್ಣಿಗಿಂತ ಮೊದಲೇ ಬಾಯಿಗೆ ಬರುತ್ತಿತ್ತು. ಆ ಹೊತ್ತಿಗೆ ತಮ್ಮನ ಫೋನು ಬಂತು. ಹಡಗು ಯಾವುದಾದರೂ ಬಂದರು ಮುಟ್ಟಿದಾಗ ಮಾತ್ರ ಅವನ ಫೋನು. ಹಿಂದೆ ಕ್ರೇನುಗಳ ಸದ್ದು. ಇಬ್ಬರೂ ಕೂಗಿ ಮಾತಾಡಬೇಕು.

"ಚಿದು, ಸ್ಲೇಟಲ್ಲಿ ಪುಸ್ತಕ ತುಂಬಿದೆ ಕಣೋ!"

"ತುಂಬದೆ ಇರುತ್ತಾ ಅಕ್ಕ, ಅಷ್ಟೊಂದು ತುರುಕಿದೀನಿ. ಓದಿ ಆಗಿರೋದನ್ನ ಅಳಿಸಿಬಿಡು."

"ಅಳಿಸಿದರೆ ಹೊಸದು ಬರುತ್ತಾ?"

"ಜಾಗ ಆದರೆ ಬಂದೇ ಬರುತ್ತಲ್ಲ. ಹೆಸರಿನ ಮೇಲೆ ಬೆರಳು ಒತ್ತಿ ಹಿಡ್ಕೋ. ಕಸದ ಬುಟ್ಟಿ ಚಿತ್ರ ಬರುತ್ತೆ. ಅದನ್ನ ಒತ್ತು. ಅಷ್ಟೇ."

ನಾನು ಅವರಿಬ್ಬರ ನಡುವೆ, ಅವಳ ತೊಡೆಯ ಮೇಲೆ ಇದ್ದೆ. ಒಂದೇ ಪದ. ಅವಳು ಅಡುಗೆಮನೆಯಿಂದ ಎತ್ತಿ ಕೊಟ್ಟಳು, ಅವನು ಯಂತ್ರದ ಕೋಣೆಯಲ್ಲಿ ನಿಂತು ಇಸಿದುಕೊಂಡ. ನನಗೆ ಬಾಯಿದ್ದಿದ್ದರೆ ಅವತ್ತು ಕೂಗಿಬಿಡುತ್ತಿದ್ದೆ.

ಫೋನಿಟ್ಟ ಮೇಲೆ ಅವಳು ಕೈ ತೊಳೆದು ಬಂದು ಕೂತಳು. ಪಾತ್ರೆ ತೊಳೆದರೆ ತಾನೇ ಹೊಸ ಹಾಲು ಕಾಯಿಸುವುದು ಅನ್ನುವ ಲೆಕ್ಕ ಅವಳದು. ಒಂದೊಂದು ಹೆಸರಿನ ಮೇಲೂ ಬೆರಳು ಒತ್ತಿ ಹಿಡಿದು, ಕಸದ ಬುಟ್ಟಿ ಮುಟ್ಟುವ ಮೊದಲು, ಬಸ್ಸು ಹೊರಡಿಸುವ ಧ್ವನಿಯಲ್ಲೇ ಆ ಹೆಸರನ್ನು ಒಮ್ಮೆ ಹೇಳಿ "ಹೋಗಿ ಬಾ" ಅಂದಳು. ಕೊನೆಯದಕ್ಕೆ ಬಂದಾಗ ಬೆರಳು ತಡೆಯಿತು. ಅಕ್ಕಿಯಾಗಿದ್ದರೆ ಒಂದು ಹಿಡಿ ಉಳಿಸುತ್ತಿದ್ದಳು. ಆದರೆ ಇದು ತಮ್ಮ ಹೇಳಿದ ಯಂತ್ರದ ಕೆಲಸ. ಅವನಿಗೆ ಗೊತ್ತಿರುತ್ತದೆ ಎಂದು ಅದನ್ನೂ ಒತ್ತಿದಳು.

ಹೊಸದು ಬರಲಿಲ್ಲ. ಬರುವುದಕ್ಕೆ ನನಗಿನ್ನೂ ಇಂಟರ್ನೆಟ್ಟೇ ಸಿಕ್ಕಿರಲಿಲ್ಲ. ಮರುದಿನ ಬೆಳಿಗ್ಗೆ ತೆರೆದು ನೋಡಿದಳು. ಅದರ ಮರುದಿನವೂ ನೋಡಿದಳು. "ಕೆಲವು ಕಾರಣಗಳಿಂದ ತಡವಾಗಿ ಬರಲಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ" ಎಂದು ನಗುತ್ತಲೇ ಹೇಳಿದಳು. ಸ್ವಲ್ಪ ದಿನದಲ್ಲಿ ಆ ನಗು ನಿಂತಿತು. ನನ್ನೊಳಗೆ ಇನ್ನೂ ಮೂರು ಸಾವಿರ ಪುಸ್ತಕ ಇದ್ದವು. ಅವಳ ಇಂಗ್ಲಿಷು ಬಸ್ಸಿನ ಬೋರ್ಡು ಓದುವಷ್ಟು. ಆದರೂ ಒಂದು ದಿನ ಬೇಜಾರಿಗೆ ಯಾವುದೋ ಪುಸ್ತಕ ತೆರೆದು, ಪ್ರಕಾಶಕರ ವಿಳಾಸದ ಪುಟದಲ್ಲಿ ಊರ ಹೆಸರುಗಳನ್ನು ಕಂಡುಹಿಡಿದಳು. ಗಂಟಲು ಸರಿಮಾಡಿಕೊಂಡು, "ಪ್ರಯಾಣಿಕರ ಗಮನಕ್ಕೆ. ಲಂಡನ್, ನ್ಯೂಯಾರ್ಕ್, ಟೊರೊಂಟೊ ಮಾರ್ಗವಾಗಿ..." ಎಂದು ಶುರು ಮಾಡಿದವಳು ಎಲ್ಲಿಗೆ ಅನ್ನುವುದು ತೋಚದೆ ನಿಲ್ಲಿಸಿದಳು. ನನ್ನನ್ನು ಮುಚ್ಚಿ ಪಕ್ಕಕ್ಕಿಟ್ಟು ಬೀದಿ ನೋಡುತ್ತಾ ಕೂತಳು.

ಮತ್ತೆ ಫೋನು ಬಂದಾಗ ಅವನು ಕೇಳಿದ: "ಈಗ ಜಾಗ ಇದೆಯಾ ಅಕ್ಕ?"

"ಬೇಕಾದಷ್ಟು ಜಾಗ ಇದೆಯಪ್ಪ."

"ಸರಿ ಹಾಗಾದರೆ" ಎಂದ ಅವನು, ಖುಷಿಯಾಗಿ.

ಅವಳು ಇನ್ನೊಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಒಮ್ಮೆ ಕೇಳಿದ ಮೇಲೆ ಎರಡನೆಯ ಸಲ ಕೇಳುವುದು ಅವಳಿಗೆ ಬೇಡುವುದಾಗಿ ಕಾಣುತ್ತಿತ್ತು. ನನ್ನ ಮೇಲೆ ಧೂಳು ಕೂತಿತು. ಸಾಕಿದ ತಮ್ಮನಿಗೇ ತನ್ನ ಮಾತು ಬೇಡವಾಯಿತು ಎಂದು ಅವಳು ಅಂದುಕೊಂಡಿದ್ದಾಳೆ ಅನ್ನುವುದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಅವನು ರಜೆಗೆ ಬಂದ ದಿನ.

ಅವತ್ತು ಊಟ ಮಾಡಿ ಕೂತವನು ಏನೋ ನೆನಪಾಗಿ ನನ್ನನ್ನು ಎತ್ತಿಕೊಂಡು, ಧೂಳು ಊದಿ, ಚಾರ್ಜಿಗೆ ಹಾಕಿ ತೆರೆದ. ಪಟ್ಟಿಯ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೋದ.

"ಅಕ್ಕ, ನೀನು ಓದೋದು ಒಂದೂ ಇಲ್ವಲ್ಲ ಇದರಲ್ಲಿ?"

"ನೀನೇ ಅಳಿಸು ಅಂದೆ."

"ಜಾಗ ಇಲ್ಲ ಅಂತ ಅಲ್ವಾ ಅಂದಿದ್ದು? ಇದರಲ್ಲಿ ಜಾಗ ಬೇಕಾದಷ್ಟಿತ್ತು. ನೀನು ತುಂಬಿದೆ ಅಂದೆ."

"ಹೂಂ, ತುಂಬಿದೆ ಅಂದೆ."

"ತುಂಬಿದೆ ಅಂದ್ರೆ ತುಂಬಿದೆ ಅಂತ ತಾನೆ ಅಕ್ಕ ಅರ್ಥ!"

ಅವಳು ಎದ್ದು ಒಳಗೆ ಹೋಗಿ ಅಕ್ಕಿ ಡಬ್ಬ ತಂದಳು. ಮುಚ್ಚಳ ತೆಗೆದು ಅವನ ಮುಂದೆ ಕುಕ್ಕಿದಳು.

"ಇದನ್ನ ನೋಡಿ ಅಮ್ಮ ಏನಂತಿದ್ಲು, ಹೇಳು."

ಅವನು ಬಗ್ಗಿ ನೋಡಿದ. ತಳದಲ್ಲಿ ಒಂದು ಹಿಡಿ ಅಕ್ಕಿ ಇತ್ತು. ಮಾತು ಎಲ್ಲೋ ಆಳದಿಂದ ಬರಬೇಕಿತ್ತು, ಬರುವುದಕ್ಕೆ ಹೊತ್ತು ಹಿಡಿಯಿತು.

"ಅಕ್ಕಿ... ತುಂಬಿದೆ."

"ಗೊತ್ತಿದೆಯಲ್ಲ! ನಿನ್ನ ಹಡಗಲ್ಲಿ ಸಮುದ್ರದ ನೀರು ಕುಡಿದು ಕುಡಿದು ಎಲ್ಲಾ ತೊಳೆದು ಹೋಗಿದೆ ಅಂದ್ಕೊಂಡಿದ್ದೆ."

"ಹೋಗಿತ್ತು ಅಕ್ಕ" ಎಂದ ಚಿದಂಬರ. ಡಬ್ಬದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದ. "ಅಲ್ಲಿ ಯಾರು ಅಂತಾರೆ ಹೀಗೆ?"

"ನಾನು ಅಂದೆನಲ್ಲೋ. ಫೋನಲ್ಲಿ, ಅಷ್ಟು ಜೋರಾಗಿ."

ಅವನು ಡಬ್ಬದ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ. ಆಮೇಲೆ ಅವನು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಇಂಗ್ಲಿಷಿನ ಮೂರು ಸಾವಿರವನ್ನೂ ಒಟ್ಟಿಗೆ ಅಳಿಸಿಬಿಟ್ಟ. ಹಡಗಿನಲ್ಲಿ ಅಷ್ಟು ವರ್ಷ ನಾನು ಹೊತ್ತಿದ್ದವು. ಹೋದಾಗ ನನಗೆ ಹಗುರವೂ ಆಗಲಿಲ್ಲ, ನೋವೂ ಆಗಲಿಲ್ಲ. ಓದದೆ ಇದ್ದದ್ದು ಭಾರವೂ ಇರುವುದಿಲ್ಲ ಎಂದು ಆಗ ತಿಳಿಯಿತು.

"ಈಗ ಹೇಳು. ಎಷ್ಟು ಹಾಕಲಿ? ನೂರು? ಇನ್ನೂರು?"

"ಮಳಿಗೆ ಇಡ್ತೀನೇನೋ? ಓದೋಕೆ ಒಂದು. ಅದರ ಹಿಂದೆ ಎರಡೋ ಮೂರೋ. ತಳದಲ್ಲಿ ಒಂದು ಹಿಡಿ."

"ಪುಸ್ತಕದಲ್ಲಿ ಹಿಡಿ ಹೇಗಕ್ಕ?"

"ಒಂದು ಪುಸ್ತಕ ಮುಟ್ಟದೆ ಇಟ್ಟಿರ್ತೀನಿ. ಎಷ್ಟೇ ಬೇಜಾರಾದರೂ ಅದನ್ನ ಓದಲ್ಲ. ಅದೊಂದು ಇದೆ ಅಂತ ಗೊತ್ತಿದ್ದರೆ ಸಾಕು, ಮನೆ ಬರಿದು ಅನ್ನಿಸಲ್ಲ."

ಹಿಡಿಗೆ ಅವಳು ಆರಿಸಿದ್ದು ಒಬ್ಬ ಹೋಟೆಲ್ ಮಾಲೀಕರ ಜೀವನಕಥೆ. ಮೊದಲ ಪುಟ ಮಾತ್ರ ಓದಿ ನೋಡಿದಳು. ಹದಿನಾಲ್ಕು ವರ್ಷದ ಹುಡುಗ ಮನೆ ಬಿಟ್ಟು ಓಡಿಬಂದು, ಹಸಿದುಕೊಂಡು, ರೈಲಿನಿಂದ ಅರಸೀಕೆರೆಯಲ್ಲಿ ಇಳಿಯುತ್ತಾನೆ. ಅಲ್ಲಿಗೆ ಮೊದಲ ಪುಟ ಮುಗಿಯುತ್ತದೆ. "ನಮ್ಮೂರಲ್ಲೇ ಇಳಿದಿದಾನೆ ಪಾಪ, ಇರಲಿ, ಊಟ ಆಮೇಲೆ ಹಾಕೋಣ" ಎಂದು ಅದನ್ನು ಪಟ್ಟಿಯ ಕೊನೆಗೆ ತಳ್ಳಿದಳು.

ಆ ರಜೆಯಲ್ಲಿ ಅವನು ಅಕ್ಕನ ಫೋನಿನಿಂದಲೇ ನನಗೆ ಇಂಟರ್ನೆಟ್ ಸಿಗುವ ಹಾಗೆ ಮಾಡಿಕೊಟ್ಟ. ಅವನು ಯಾವುದೋ ಬಂದರಿನಲ್ಲಿ ಕೂತು ಕಳಿಸಿದ ಪುಸ್ತಕ ಇಲ್ಲಿ ಜಗಲಿಯ ಮೇಲೆ ಇಳಿಯುತ್ತಿತ್ತು. "ಬಂತು ಬಂತು, ದಯವಿಟ್ಟು ಇಳಿಯುವವರಿಗೆ ದಾರಿ ಬಿಡಿ" ಎಂದು ಅವಳು ಕೂಗುತ್ತಿದ್ದಳು. ಫೋನು ಬಂದರೆ ಅವನ ಮೊದಲ ಮಾತೇ "ತುಂಬಿತಾ ಅಕ್ಕ?" ಅದು ಬರೀ ಪುಸ್ತಕದ ಪ್ರಶ್ನೆಯಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು. ತುಂಬಿದ್ದರೆ ತುಂಬಿದೆ ಅನ್ನುತ್ತಿದ್ದಳು. ಕೆಲವು ಸಲ ಇನ್ನೂ ಎರಡು ಪುಸ್ತಕ ಉಳಿದಿದ್ದರೂ ತುಂಬಿದೆ ಅನ್ನುತ್ತಿದ್ದಳು. ಅವನು ಕಾರಣ ಕೇಳುತ್ತಿರಲಿಲ್ಲ, ಸ್ವಲ್ಪ ಹೊತ್ತು ಹೆಚ್ಚಿಗೆ ಮಾತಾಡುತ್ತಿದ್ದ. ನನ್ನ ಬಾಳಿನಲ್ಲಿ ಒಳ್ಳೆಯ ಕಾಲ ಅಂದರೆ ಅದು.

ಯಂತ್ರಕ್ಕೆ ವಯಸ್ಸಾಗುವುದು ಬ್ಯಾಟರಿಯಿಂದ, ಮನುಷ್ಯರಿಗೆ ಎಲ್ಲೆಲ್ಲಿಂದಲೋ. ನನಗೆ ತಿಂಗಳಿಗೊಮ್ಮೆ ಸಾಕಾಗುತ್ತಿದ್ದ ಚಾರ್ಜು ಎರಡು ದಿನಕ್ಕೊಮ್ಮೆ ಬೇಕಾಯಿತು. ಅವಳಿಗೆ ಒಂದು ಪುಟಕ್ಕೆ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಯಿತು. ಕಥೆಯ ಅತ್ತೆಯಂದಿರು ಕೂಡ ಮೆಲ್ಲಗೆ ಬೈಯತೊಡಗಿದರು. ಒಂದು ಸಂಜೆ ಓದುತ್ತಿದ್ದ ಪುಸ್ತಕ ಮುಗಿಸಿ, ಪಟ್ಟಿಗೆ ಬಂದು, ಅಲ್ಲಿ ಹಿಡಿಯ ಪುಸ್ತಕ ಒಂದೇ ಇರುವುದನ್ನು ನೋಡಿ, "ನಾಳೆ ಚಿದು ಫೋನು ಬರಬಹುದು" ಎಂದು ನನ್ನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಮರುದಿನ ಹಾಲಿನವನು ಬಹಳ ಹೊತ್ತು ಬಾಗಿಲು ತಟ್ಟಿದ.

ಫೋನು ಬಂತು. ಎತ್ತಿದವರು ಯಾರೋ ಪಕ್ಕದ ಮನೆಯವರು.

ಚಿದಂಬರ ಬರುವ ಹೊತ್ತಿಗೆ ಎಲ್ಲಾ ಆಗಿಹೋಗಿತ್ತು. ಹಡಗು ನಡುನೀರಿನಲ್ಲಿದ್ದಾಗ ಯಾರು ಏನು ಮಾಡಲು ಸಾಧ್ಯ? ಬಂದವನು ಬೀಗ ತೆಗೆದು, ಅಳಲಿಲ್ಲ, ಮನೆ ತೊಳೆಯುವುದಕ್ಕೆ ನಿಂತ. ಕಟ್ಟೆಯ ಮೇಲಿನ ಕೊಡ ಎತ್ತುವಾಗ ಕೈ ಜಾರಿ, ನೀರೆಲ್ಲಾ ನನ್ನ ಮೇಲೆ ಚೆಲ್ಲಿತು. ಬೆರಳಿನಿಂದ ಒತ್ತಿದ, ಒರೆಸಿದ, ಮತ್ತೆ ಒತ್ತಿದ. ನನ್ನೊಳಗೆ ಏನೋ ಒಂದು ನಿಂತುಹೋಯಿತು. ಮುಖ ಮಾತ್ರ ಇದ್ದ ಹಾಗೇ ಉಳಿಯಿತು. ನೆನಪಿಡಿ ಅಂದಿದ್ದೆನಲ್ಲ, ನನ್ನ ಮೇಲೆ ಮೂಡಿದ ಅಕ್ಷರ ಹೋಗುವುದಿಲ್ಲ. ಅವಳು ಕೊನೆಗೆ ನೋಡಿದ ಪಟ್ಟಿ, ಅದರಲ್ಲಿ ಒಂದೇ ಹೆಸರು.

ನೆನೆದ ಯಂತ್ರವನ್ನು ಅಕ್ಕಿಯಲ್ಲಿ ಹೂತರೆ ಒಣಗುತ್ತದೆ ಎಂದು ಹಡಗಿನವರು ಹೇಳಿಕೊಟ್ಟಿದ್ದರು. ಅವನು ಡಬ್ಬದ ಮುಚ್ಚಳ ತೆಗೆದ. ಒಂದು ಹಿಡಿ ಇತ್ತು. ನನ್ನನ್ನು ಮುಚ್ಚುವುದಕ್ಕೆ ಅದು ಸಾಲದು. ಡಬ್ಬದೊಳಗೆ ನನ್ನನ್ನು ಮಲಗಿಸಿ, ಫೋನು ತೆಗೆದು ಅಂಗಡಿಗೆ ಮಾಡಿದ.

"ಅಕ್ಕಿ ತುಂಬಿದೆ" ಅಂದ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಅದೇ ಬಂತು.

ಷಡಕ್ಷರಿಯವರು ಹಾಸಿಗೆ ಹಿಡಿದು ಎಷ್ಟೋ ಕಾಲವಾಗಿತ್ತು. ಈಗ ಅಂಗಡಿ ನೋಡಿಕೊಳ್ಳುತ್ತಿದ್ದವಳು ಅವರ ಸೊಸೆ. "ತುಂಬಿದ್ರೆ ಒಳ್ಳೇದೇ ಅಲ್ವಾ ಅಂಕಲ್? ಮತ್ತೇನು ಬೇಕಿತ್ತು?" ಎಂದಳು.

ಅಕ್ಕ ತೀರಿಕೊಂಡ ಸುದ್ದಿ ಅವನಿಗೆ ತಲುಪಿ ದಿನಗಳಾಗಿದ್ದವು. ಆದರೂ ಅದು ಒಳಗೆ ಇಳಿದದ್ದು ಆ ಪ್ರಶ್ನೆ ಕೇಳಿದಾಗ. ಫೋನು ಕಿವಿಗೆ ಹಿಡಿದುಕೊಂಡೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟ. ಆ ಕಡೆಯಿಂದ "ಅಂಕಲ್? ಅಂಕಲ್?" ಅನ್ನುತ್ತಲೇ ಇತ್ತು.

ಕೊನೆಗೆ ಅಕ್ಕಿ ಬಂತು, ನಾನು ಒಣಗಿದೆ, ಆದರೆ ಎಚ್ಚರವಾಗಲಿಲ್ಲ. ರಿಪೇರಿಯವನು ಇದು ಸತ್ತಿದೆ ಅಂದ. ಚಿದಂಬರ ನನ್ನನ್ನು ತಂದು ಮತ್ತೆ ಡಬ್ಬದೊಳಗೇ ಇಟ್ಟ. ಹಡಗಿನ ಕೆಲಸ ಬಿಟ್ಟು ಈಗ ಇಲ್ಲೇ ಇದ್ದಾನೆ. ಇನ್ನೊಂದು ಯಂತ್ರದಲ್ಲಿ ಕನ್ನಡ ಓದುತ್ತಾನೆ, ಒಂದು ಮುಗಿಸಿ ಇನ್ನೊಂದು, ಜೋರಾಗಿ. ಅವನಿಗೆ ಅಕ್ಕನ ಗಂಟಲಿಲ್ಲ. ಆದರೂ ಓದುತ್ತಾನೆ, ಮುಚ್ಚಳದ ಕೆಳಗಿನಿಂದ ನನಗೆ ಅಷ್ಟಿಷ್ಟು ಕೇಳುತ್ತದೆ. ಆ ಹೋಟೆಲ್ ಮಾಲೀಕರ ಕಥೆ ಎಲ್ಲಿ ಬೇಕಾದರೂ ಸಿಗುತ್ತದೆ. ಅವನು ಕೊಂಡಿಲ್ಲ. ಆ ಹುಡುಗ ಇನ್ನೂ ಅರಸೀಕೆರೆ ಸ್ಟೇಷನ್ನಿನಲ್ಲಿ ಹಸಿದುಕೊಂಡೇ ನಿಂತಿದ್ದಾನೆ.

ದಿನವೂ ಬೆಳಿಗ್ಗೆ ಅಕ್ಕಿ ತೆಗೆಯುವಾಗ ಅವನ ಬೆರಳು ನನಗೆ ತಾಗುತ್ತದೆ. ಹಿಂದೆ ಪಟ್ಟಿಯ ಮೇಲೆ ಜಾರಿ ಜಾರಿ ಓಡುತ್ತಿದ್ದ ಬೆರಳು ಅದು. ಈಗ ಜಾರುವುದಕ್ಕೆ ನನ್ನ ಮೇಲೆ ಒಂದೇ ಸಾಲು ಇದೆ.

ಅಕ್ಕಿ ಇಳಿದು ನನ್ನ ಮುಖ ಕಾಣಿಸಿದ ದಿನ ಅವನು ಅಂಗಡಿಗೆ ಫೋನು ಮಾಡುತ್ತಾನೆ. ಷಡಕ್ಷರಿಯವರ ಸೊಸೆಗೆ ಅವನ ಧ್ವನಿ ಗುರುತು ಸಿಗುತ್ತದೆ. ಅವನು ಬಾಯಿ ತೆರೆಯುವ ಮೊದಲೇ ಕೇಳುತ್ತಾಳೆ.

"ತುಂಬಿತಾ ಅಂಕಲ್?"

"ತುಂಬಿದೆಯಮ್ಮ" ಅನ್ನುತ್ತಾನೆ ಚಿದಂಬರ.